ಗಂಜಲದಲ್ಲಿ ತೊಳೆದ ಹಲ್ಲು

ಹಲ್ಲು ದಾನ ಮಾಡಿದ ಪುಣ್ಯವಂತರ ಕಥೆ ಹೇಳುತ್ತೇನೆ, ಕೇಳಿ. ಅನ್ನದಾನ, ವಸ್ತ್ರದಾನ ಎಲ್ಲ ಮುಗಿದ ಮೇಲೆ ನಮ್ಮೂರಿನ ಉಮಾಶಂಕರ ಅವರಿಗೆ ದಂತದಾನ ಹೊಳೆಯಿತು. ನಮ್ಮೂರು ಎಂದರೆ ರಾವಂದೂರಿನಿಂದ ಒಳಗೆ, ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ನಡೆಯಿರಿ ಎನ್ನುವಂಥ ಕಡೆ. ಅಲ್ಲಿ ಅವರದು ಮೂರು ಬ್ಯಾರನ್. ಹಸಿ ಹೊಗೆಸೊಪ್ಪನ್ನು ಬಿಸಿ ಕೊಟ್ಟು ಒಣಗಿಸುವ ಎತ್ತರದ ಗೂಡುಗಳು. ತೊಂಬತ್ತೇಳರಲ್ಲಿ ಸೊಪ್ಪಿಗೆ ಒಳ್ಳೆಯ ರೇಟು ಸಿಕ್ಕಿತು, ಮರುವರ್ಷ ಅವರು ಸೇವಾ ಸಂಘವೊಂದರ ಅಧ್ಯಕ್ಷರಾದರು. ಸೇವೆ ಮಾಡಬೇಕಾದರೆ ಮಾಡಿಸಿಕೊಳ್ಳುವವರು ಬೇಕಲ್ಲ. ನಾವಿದ್ದೆವು.

ನಾವು ಎಂದರೆ ಕೇರಿಯವರು. ನನ್ನ ಹೆಸರು ಮೀನಾ. ಕೆ.ಆರ್. ನಗರದ ಕಡೆಯಿಂದ ಸೊಸೆಯಾಗಿ ಬಂದವಳು. ಗಂಡ ಕಾಂತರಾಜು ಉಮಾಶಂಕರ ಅವರ ಬ್ಯಾರನ್ ಒಲೆಗೆ ಸೌದೆ ಹಾಕುತ್ತಿದ್ದ. ಅತ್ತೆ ಕುಳ್ಳಮ್ಮ ನನ್ನ ಜೊತೆ ಅಲ್ಲೇ ಸೊಪ್ಪು ಕಟ್ಟುತ್ತಿದ್ದಳು. ಇದು ಅವಳ ಬಾಯಿಯ ಕಥೆ.

ಆ ಬಾಯಲ್ಲಿ ಒಂದು ಹಲ್ಲೂ ಇರಲಿಲ್ಲ. ಮುಂದಿನವು ಹೋದದ್ದು ಉಮಾಶಂಕರ ಅವರ ಬ್ಯಾರನ್ ಒಳಗೇ. ಸೊಪ್ಪು ಕಟ್ಟಿದ ಕೋಲುಗಳನ್ನು ಮೇಲಿನ ಅಟ್ಟಕ್ಕೆ ಏರಿಸುವಾಗ ಒಂದು ಕೋಲು ಜಾರಿ ನೇರವಾಗಿ ಅವಳ ಮೋರೆಗೆ ಬಿತ್ತಂತೆ. ಉಮಾಶಂಕರ ಅವರ ತಾಯಿ ಸಿದ್ದಲಿಂಗಮ್ಮನವರು ದೊಡ್ಡ ಮನಸ್ಸು ಮಾಡಿ ಜಗಲಿಯ ಮೇಲೆ ನಿಂತುಕೊಂಡೇ ಅವಳ ಅಂಗೈಗೆ ಒಂದು ಹಿಡಿ ಅರಿಶಿನ ಉದುರಿಸಿದರು. ಮೇಲಿನಿಂದ, ತಾಗದ ಹಾಗೆ. ಮಧ್ಯಾಹ್ನದ ಮೇಲೆ ಅತ್ತೆ ರಕ್ತ ಉಗುಳುತ್ತ ಸುಮ್ಮನೆ ಕೂತಿದ್ದಳೆಂದು ಅರ್ಧ ಕೂಲಿ ಹಿಡಿದುಕೊಂಡರು. ನ್ಯಾಯ ನ್ಯಾಯವೇ, ಕೆಲಸ ಮಾಡಿರಲಿಲ್ಲವಲ್ಲ. ಉಳಿದ ಹಲ್ಲುಗಳು ವಸಡು ಬಾತು ಒಂದೊಂದಾಗಿ ತಾವೇ ಉದುರಿದವು.

ಹಲ್ಲಿಲ್ಲದೆಯೂ ಬದುಕಬಹುದು. ಮುದ್ದೆ ನುಂಗುವುದಕ್ಕೆ ಹಲ್ಲು ಬೇಡ. ಆದರೆ ಮಾತಿಗೆ ಬೇಕು. ಅತ್ತೆ ಏನು ಹೇಳಿದರೂ ಬರೀ ಗಾಳಿ ಬರುತ್ತಿತ್ತು. ಕೂಲಿ ಹೆಚ್ಚಿಸಿ ಎಂದು ಕೇಳಲು ಹೆಂಗಸರು ಅವಳನ್ನೇ ಮುಂದೆ ಮಾಡುತ್ತಿದ್ದರು, ಅವಳು ಹೆದರುವವಳಲ್ಲ. ಉಮಾಶಂಕರ ಅವರು ಅವಳು ಹೇಳಿದ್ದನ್ನೇ ಬಾಯಿ ಒಳಕ್ಕೆ ಎಳೆದುಕೊಂಡು ಹೇಳಿ ತೋರಿಸುತ್ತಿದ್ದರು. ಸುತ್ತ ಇದ್ದವರೆಲ್ಲ ನಗಬೇಕು. ನಕ್ಕ ಮೇಲೆ ಕೂಲಿಯ ಮಾತು ಎಲ್ಲಿರುತ್ತದೆ? ಅತ್ತೆ ಮುಸುಡಿ ಗಂಟಿಕ್ಕಿಕೊಂಡು ಮನೆಗೆ ಬರುತ್ತಿದ್ದಳು. "ನಂಗೊಂದ್ ಸೆಟ್ಟು ಹಲ್ಲಿರ್ಬೇಕಿತ್ತು ಮಗ, ಇವನ್ಗೆ ಕಿವಿ ತುಂಬ ಏಳ್ತಿದ್ದೆ" ಎನ್ನುತ್ತಿದ್ದಳು. ಹೀಗಾಗಿ ತಮಟೆ ಹೊಡೆದು ಹಲ್ಲಿನ ಶಿಬಿರ ಸಾರಿದಾಗ ಕೇರಿಯಲ್ಲಿ ಮೊದಲು ಎದ್ದವಳು ಅವಳೇ.

ಶಿಬಿರ ನಡೆದದ್ದು ಊರಿನ ಶಾಲೆಯಲ್ಲಿ. ಮೈಸೂರಿನಿಂದ ವ್ಯಾನಿನಲ್ಲಿ ಡಾಕ್ಟರಮ್ಮ ಬಂದರು, ಜೊತೆಗೆ ಬಿಳಿ ಕೋಟಿನ ಹುಡುಗಿಯರು. ಹಲ್ಲು ಕಟ್ಟಬೇಕಾದರೆ ಮೊದಲು ಬಾಯಿಯ ಅಚ್ಚು ತೆಗೆಯಬೇಕಂತೆ. ಲಾಳದ ಆಕಾರದ ತಟ್ಟೆಗೆ ಗುಲಾಬಿ ಬಣ್ಣದ ಹಿಟ್ಟು ಮೆತ್ತಿ ಬಾಯೊಳಗೆ ಒತ್ತಿ ಹಿಡಿಯುತ್ತಾರೆ. ಗಟ್ಟಿಯಾದ ಮೇಲೆ ಎಳೆದು ತೆಗೆಯುತ್ತಾರೆ. ಆಮೇಲೆ ಅದೇ ತಟ್ಟೆಯನ್ನು ತೊಳೆದು, ಮಿಷನ್ನಿಗೆ ಹಾಕಿ ಕುದಿಸಿ, ಇನ್ನೊಬ್ಬರ ಬಾಯಿಗೆ.

ಇನ್ನೊಬ್ಬರ ಬಾಯಿಗೆ! ಸಿದ್ದಲಿಂಗಮ್ಮನವರೇ ಮುಂದೆ ನಿಂತಿದ್ದ ಮೇಲಿನ ಬೀದಿಯ ಸಾಲು ಒಂದು ಹೆಜ್ಜೆ ಹಿಂದೆ ಸರಿಯಿತು. ಸಂಘದ ಕಾರ್ಯದರ್ಶಿ ಚನ್ನಬಸವಣ್ಣ ಡಾಕ್ಟರಮ್ಮನ ಹತ್ತಿರ ಹೋಗಿ ಪಿಸುಗುಟ್ಟಿದರು. ಅವರು ಪಿಸುಗುಟ್ಟಿದರೆ ಎರಡು ಹೊಲದಾಚೆಗೆ ಕೇಳಿಸುತ್ತದೆ.

"ಮೇಡಂ, ತಟ್ಟೆ ಬ್ಯಾರೆ ಬ್ಯಾರೆ ಮಡಗಿದ್ರೆ ಅನುಕೂಲ."

"ಎಲ್ಲ ಕುದಿಸ್ತೀವಿ ಸಾರ್. ಒಂದು ಕ್ರಿಮಿನೂ ಉಳಿಯಲ್ಲ."

"ಕ್ರಿಮಿ ಇದ್ರೆ ಇರ್ಲಿ ಬುಡಿ ಮೇಡಂ. ನಮ್ ತೊಂದ್ರೆ ಅದಲ್ಲ."

ಉಮಾಶಂಕರ ಅವರು ನಗುತ್ತ ಮುಂದೆ ಬಂದರು. "ನಾವೇನು ಜಾತಿ ಮಾಡೋರಲ್ಲ ಮೇಡಂ. ನೋಡಿ, ಅವರನ್ನೂ ಕರೆದಿದ್ದೀವಿ. ಆದ್ರೆ ವಯಸ್ಸಾದವರು, ಅವರ ಭಾವನೆ ಅಂತ ಇರುತ್ತಲ್ವಾ?"

ಭಾವನೆ ಗೆದ್ದಿತು. ಕೋಟಿನ ಹುಡುಗಿಯೊಬ್ಬಳ ಚೀಲದಲ್ಲಿ ಉಗುರಿಗೆ ಹಚ್ಚುವ ಕೆಂಪು ಬಣ್ಣವಿತ್ತು. ಕೆಲವು ತಟ್ಟೆಗಳ ಹಿಡಿಗೆ ಕೆಂಪು ಬೊಟ್ಟು ಇಟ್ಟರು. ಬೊಟ್ಟಿನವು ನಮಗೆ. ಚಾ ಅಂಗಡಿಯಲ್ಲಿ ಲೋಟ ಎರಡು ಥರ ಇರುವ ಊರಿನಲ್ಲಿ ತಟ್ಟೆ ಮಾತ್ರ ಒಂದೇ ಥರ ಇದ್ದರೆ ಚೆನ್ನಾಗಿರುತ್ತದೆಯೇ? ಡಾಕ್ಟರಮ್ಮ ಓದಿದವರು. ಮುಖ ಸಪ್ಪಗೆ ಮಾಡಿಕೊಂಡರು. ಸಪ್ಪೆ ಮುಖದಲ್ಲೇ ಬಣ್ಣ ಹಚ್ಚಿಸಿದರು.

ಎರಡನೆಯ ಸಲ ಅವರು ಬಂದಾಗ ಮೇಣದ ಮೇಲೆ ಹಲ್ಲು ಕೂರಿಸಿಕೊಂಡು ತಂದಿದ್ದರು, ಹೊಂದುತ್ತದೋ ಇಲ್ಲವೋ ನೋಡಲು. ಅತ್ತೆ ಹಾಕಿಕೊಂಡಳು, ಕನ್ನಡಿ ನೋಡಿದಳು, ತಲೆ ಅಲ್ಲಾಡಿಸಿದಳು.

"ಚೆನ್ನಾಗಿಲ್ವಾ ಅಜ್ಜಿ?"

"ಚೆಂದಾಗವೆ ಕಣವ್ವ. ಆದ್ರೆ ನನ್ನವಲ್ಲ. ನಂಗೆ ಮುಂದಿನ ಎರಡರ ಮಧ್ಯ ಸಂದಿತ್ತು. ಆ ಸಂದೀಲಿ ಸಿಳ್ಳೆ ಹೊಡುದ್ರೆ ಜ್ವಾಳದ ಹೊಲದ ಗಿಣಿಯೆಲ್ಲ ಎದ್ದೋಗವು."

ಡಾಕ್ಟರಮ್ಮ ನಕ್ಕರು. ಮೇಣ ಬಿಸಿ ಮಾಡಿ, ಎರಡು ಹಲ್ಲನ್ನು ತಾವೇ ಸರಿಸಿ ಸಂದು ಬಿಟ್ಟರು. ಅತ್ತೆ ಮತ್ತೆ ಕನ್ನಡಿ ನೋಡಿದಳು, ಈ ಸಲ ಬಹಳ ಹೊತ್ತು ನೋಡಿದಳು. ಅವಳ ಕಣ್ಣು ತುಂಬಿದ್ದನ್ನು ನಾನು ನೋಡಿದೆ. ಇಷ್ಟು ವರ್ಷ ಯಾರೂ ಅವಳನ್ನು ಹೇಗೆ ಬೇಕು ಎಂದು ಕೇಳಿರಲಿಲ್ಲ.

ಹಲ್ಲು ಕೊಡುವ ಸಮಾರಂಭ ಭಾನುವಾರ. ಶಾಮಿಯಾನ, ಮೈಕು, ಹಾರ. ಸೆಟ್ಟುಗಳು ಹಿಂದಿನ ದಿನವೇ ಮೈಸೂರಿನಿಂದ ಬಸ್ಸಿನಲ್ಲಿ ಬಂದಿದ್ದವು. ಮೇಲಿನದೂ ಕೆಳಗಿನದೂ ಸೇರಿಸಿ ರಬ್ಬರ್ ಬ್ಯಾಂಡ್ ಹಾಕಿದ ಒಂದೊಂದು ಸೆಟ್ಟು ಒಂದೊಂದು ಪ್ಲಾಸ್ಟಿಕ್ ಕವರಿನಲ್ಲಿ, ಒಳಗೆ ಹೆಸರಿನ ಚೀಟಿ. ಎಲ್ಲ ಸರಿಯಾಗಿತ್ತು. ಒಂದೇ ತಪ್ಪು ಎಂದರೆ ಎಲ್ಲವೂ ಒಂದೇ ಡಬ್ಬದಲ್ಲಿ ಬಂದಿದ್ದವು.

ಸಿದ್ದಲಿಂಗಮ್ಮನವರು ಡಬ್ಬ ನೋಡಿದರು. "ಒಂದ್ರ ಮೇಲೊಂದು ಬಿದ್ಕಂಡು ಬಂದವಲ್ಲೋ ಚನ್ನಬಸವಣ್ಣ! ಅವರವೂ ನಮ್ಮವೂ!"

"ಕವರ್ ಅದೆ ಕಣಮ್ಮ."

"ಕವರ್‌ಗೇನು ಮಡಿ ಇದ್ದದಾ?"

ಸರಿ, ಶುದ್ಧ ಮಾಡಬೇಕು. ಮುಟ್ಟಿಕೊಂಡು ಬಂದದ್ದರಿಂದ ಎಲ್ಲವೂ ಮೈಲಿಗೆ, ಎಲ್ಲವೂ ಮೈಲಿಗೆಯಾದ್ದರಿಂದ ಎಲ್ಲಕ್ಕೂ ಒಟ್ಟಿಗೇ ಶುದ್ಧಿ. ಎಂಥ ಲೆಕ್ಕ ನೋಡಿ! ತಾಮ್ರದ ಕೊಳದಪ್ಪಲೆಗೆ ಗಂಜಲ ಸುರಿದು, ಅರಿಶಿನ ಕದಡಿ, ಚನ್ನಬಸವಣ್ಣನವರು ಕವರುಗಳನ್ನು ಬಿಚ್ಚಿ ಬಿಚ್ಚಿ ಸೆಟ್ಟುಗಳನ್ನೆಲ್ಲ ಅದರೊಳಗೆ ಹಾಕಿದರು. ಚೀಟಿಗಳೂ ಜೊತೆಗೇ ಬಿದ್ದವು. ಶಾಯಿ ಕರಗಿ ಗಂಜಲಕ್ಕೆ ಸೇರಿತು. ಕೇರಿಯ ಹಲ್ಲೂ ಮೇಲಿನ ಬೀದಿಯ ಹಲ್ಲೂ ಒಂದೇ ಪಾತ್ರೆಯಲ್ಲಿ ಕಲೆತು ಕೂತವು. ಅಷ್ಟು ವರ್ಷದಿಂದ ಯಾರ ಭಾಷಣದಿಂದಲೂ ಆಗದಿದ್ದ ಕೆಲಸ ಅದು.

ಚೀಟಿಯ ಹೆಸರುಗಳು ಅಳಿಸಿಹೋದದ್ದು ಬೆಳಿಗ್ಗೆ ಗೊತ್ತಾಯಿತು. ಡಾಕ್ಟರಮ್ಮನ ವ್ಯಾನು ಇನ್ನೂ ಬಂದಿರಲಿಲ್ಲ, ಅತಿಥಿಗಳು ಬರುವ ಹೊತ್ತಾಗಿತ್ತು. ಯಾವುದು ಯಾರದು? ಬಾಯಿಗೆ ಹಾಕಿ ನೋಡದೆ ತಿಳಿಯುವುದಿಲ್ಲ. ಉಮಾಶಂಕರ ಅವರು ತೀರ್ಮಾನ ಕೊಟ್ಟರು. ಮೊದಲು ಊರಿನವರು ಹಾಕಿ ನೋಡಿ ತಮ್ಮದನ್ನು ತೆಗೆದುಕೊಳ್ಳಲಿ. ಮಿಕ್ಕಿದ್ದರಲ್ಲಿ ಕೇರಿಯವರು ಹುಡುಕಿಕೊಳ್ಳಲಿ. ಮಿಕ್ಕಿದ್ದು ನಮಗೇ ಬರಬೇಕಾದ್ದು ಅಲ್ಲವೇ, ಅನ್ನವಾದರೇನು, ಹಲ್ಲಾದರೇನು?

ನಾವು ಶಾಮಿಯಾನದ ಹೊರಗೆ ಬಿಸಿಲಿನಲ್ಲಿ ಕೂತು ನೋಡಿದೆವು. ಮೊದಲ ಮರ್ಯಾದೆ ಸಿದ್ದಲಿಂಗಮ್ಮನವರದು. ಕೈಗೆ ಸಿಕ್ಕಿದ ಮೊದಲ ಸೆಟ್ಟನ್ನೇ ಬಾಯಿಗೆ ಹಾಕಿಕೊಂಡರು. ಮುಖ ಹಿಂಡಿತು. ಒತ್ತುತ್ತಿತ್ತೋ ಏನೋ. ಆದರೆ ತೆಗೆಯಲಿಲ್ಲ. ತೆಗೆದು ಎರಡನೆಯದನ್ನು ಹಾಕಿಕೊಂಡರೆ ಮೊದಲನೆಯದು ಬೇರೆ ಯಾರದೋ ಎಂದು ಒಪ್ಪಿಕೊಂಡ ಹಾಗಾಗುತ್ತದೆ. ಯಾರದೋ ಎಂದರೆ ಯಾರದು? ಆ ಪ್ರಶ್ನೆಯೇ ಹುಟ್ಟಬಾರದು. "ಸರ್ಯಾಗದೆ" ಎಂದರು. ಅವರ ಹಿಂದೆ ಬಂದ ಹಿರಿಯರೆಲ್ಲ ಅದನ್ನೇ ಪಾಲಿಸಿದರು. ಒಬ್ಬೊಬ್ಬರೂ ಕೈ ಹಾಕಿದರು, ಬಾಯಿಗೆ ತುರುಕಿಕೊಂಡರು, ಸರ್ಯಾಗದೆ ಎಂದರು. ಒಬ್ಬರಿಗೆ ತುಟಿ ಮುಚ್ಚುತ್ತಿರಲಿಲ್ಲ. ಇನ್ನೊಬ್ಬರು ಬಾಯಿ ತೆರೆದರೆ ಮೇಲಿನದು ಕೆಳಗೆ ಬೀಳುತ್ತಿತ್ತು. ಎಲ್ಲರಿಗೂ ಸರ್ಯಾಗಿತ್ತು!

ಆಮೇಲೆ ನಮ್ಮ ಸರದಿ. ಅತ್ತೆ ಪಾತ್ರೆಯಲ್ಲಿ ಹುಡುಕಿದಳು. ಸಂದಿನ ಹಲ್ಲು ಇರಲಿಲ್ಲ. ಉಳಿದವುಗಳಲ್ಲಿ ಒಂದನ್ನು ಚನ್ನಬಸವಣ್ಣನವರು ಕಡ್ಡಿಯಿಂದ ಅವಳ ಕಡೆ ತಳ್ಳಿದರು. ಅದು ಅವಳ ಬಾಯಲ್ಲಿ ನಿಲ್ಲಲಿಲ್ಲ.

"ಕಲ್ಲಿಗೆ ಉಜ್ಕೊ, ಸರೋಯ್ತದೆ" ಎಂದರು ಅವರು.

ಅಷ್ಟರಲ್ಲಿ ವ್ಯಾನು ಬಂತು, ಅತಿಥಿಗಳು ಬಂದರು, ಪ್ರಾರ್ಥನೆ ಆಯಿತು. ಸಿದ್ದಲಿಂಗಮ್ಮನವರನ್ನು ಫಲಾನುಭವಿಗಳ ಪರವಾಗಿ ಎರಡು ಮಾತಾಡಲು ಕರೆದರು. ಅವರು ಮೈಕಿನ ಮುಂದೆ ನಿಂತು, "ಸಂತೋಸ, ಬಾಳ ಸಂತೋಸ. ಶಿವಾ ಶಿವಾ" ಎಂದರು. ಒಂದೊಂದು ಮಾತಿಗೂ ಸಿಳ್ಳೆ. ಮೈಕಿನಲ್ಲಿ ಅದು ಊರಿಗೆಲ್ಲ ಕೇಳಿಸಿತು. ಮುಂದೆ ಕೂತಿದ್ದ ಮಕ್ಕಳು ಖುಷಿಯಾಗಿ ತಾವೂ ಸಿಳ್ಳೆ ಹೊಡೆದವು. ಅವರು ಗಾಬರಿಯಾಗಿ ನಕ್ಕರು. ನಕ್ಕಾಗ ಸಂದು ಕಾಣಿಸಿತು.

ಅತ್ತೆ ಎದ್ದು ನಿಂತಳು. "ಅದು ನನ್ನ ಹಲ್ಲು."

ಗಾಳಿ ಮಾತು, ಹತ್ತಿರದವರಿಗೆ ಮಾತ್ರ ಕೇಳಿಸಿತು. ಅವಳು ಇನ್ನೂ ಮುಂದೆ ಹೋಗಿ, ಶಾಮಿಯಾನದ ಒಳಗೆ ಕಾಲಿಟ್ಟು, ಮತ್ತೆ ಹೇಳಿದಳು. "ಅಮ್ಮಾರು ಹಾಕಿರೋದು ನನ್ನ ಹಲ್ಲು."

ಡಾಕ್ಟರಮ್ಮ ಸಿದ್ದಲಿಂಗಮ್ಮನವರ ಬಾಯಿ ನೋಡಿದರು. ತಮ್ಮ ಕೈಯಿಂದಲೇ ಬಿಟ್ಟ ಸಂದು, ಗುರುತು ಸಿಗದೆ ಇರುತ್ತದೆಯೇ? ಅತ್ತೆಯ ಮುಖ ನೋಡಿದರು, ಉಮಾಶಂಕರ ಅವರ ಮುಖ ನೋಡಿದರು, ಕೊನೆಗೆ ಕೈಗಡಿಯಾರ ನೋಡಿಕೊಂಡರು. "ಪ್ರೋಗ್ರಾಂ ಮುಗೀಲಿ, ಆಮೇಲೆ ಚೆಕ್ ಮಾಡೋಣ" ಎಂದರು.

ಉಮಾಶಂಕರ ಅವರು ನಮ್ಮಿಬ್ಬರನ್ನೂ ಶಾಲೆಯ ಹಿಂದಕ್ಕೆ ಕರೆದರು. ಅಲ್ಲಿ ನಗು ಇರಲಿಲ್ಲ.

"ಏ ಕುಳ್ಳೀ, ಏನು ಮಾತು ಅಂತ ಆಡ್ದೆ ಗೊತ್ತಾ? ನಮ್ಮವ್ವ ನಿನ್ನ ಬಾಯಿ ಹಲ್ಲು ಹಾಕ್ಕೊಂಡವ್ಳೆ ಅಂತ ಊರು ಆಡ್ಕೊಂಡ್ರೆ ನಾನು ತಲೆ ಎತ್ಕೊಂಡು ಓಡಾಡೋದು ಹೆಂಗೆ?"

"ಹಲ್ಲು ನಂದು ಬುದ್ದಿ."

"ನಿಂದೇ ಅಂತ ಇಟ್ಕೊ. ಹೊಸಾದು ಕೊಡ್ಸ್ತೀನಿ. ಮೈಸೂರ್ಗೆ ಕಾರಲ್ಲಿ ಕರ್ಕೊಂಡೋಗಿ ಒಳ್ಳೆ ಸೆಟ್ಟು ಕೊಡ್ಸ್ತೀನಿ. ಈಗ ಮೈಕಲ್ಲಿ ಬಂದು ಒಂದು ಮಾತು ಹೇಳು. ಅದು ನಂದಲ್ಲ, ಕಣ್ಣು ಕಾಣ್ದೆ ಅಂದ್ಬುಟ್ಟೆ ಅನ್ನು. ಅಷ್ಟೇ."

ಮೈಸೂರು, ಕಾರು, ಹೊಸ ಸೆಟ್ಟು. ಮನಸ್ಸು ಒಂದು ಗಳಿಗೆ ನನ್ನದೂ ಜಾರಿತು. ಸೌದೆ ಬಿಟ್ಟು ಓಡಿ ಬಂದಿದ್ದ ನನ್ನ ಗಂಡ ಕಾಂತರಾಜು ತಾಯಿಯ ಕೈ ಹಿಡಿದುಕೊಂಡ. "ಹೂಂ ಅನ್ನವ್ವ. ಒಂದು ಮಾತಲ್ವಾ? ಕೆಲ್ಸ ಹೋದ್ರೆ ಏನ್ ಮಾಡುಮ?"

ಅತ್ತೆ ಕೈ ಬಿಡಿಸಿಕೊಂಡಳು. ಉಮಾಶಂಕರ ಅವರು ಖುಷಿಯಾಗಿ ಅವಳನ್ನು ವೇದಿಕೆಗೆ ನಡೆಸಿಕೊಂಡು ಹೋದರು. ಒಪ್ಪಿಕೊಂಡಳು ಎಂದುಕೊಂಡರು. ನಾನೂ ಹಾಗೇ ಅಂದುಕೊಂಡೆ. ಚನ್ನಬಸವಣ್ಣನವರು ಮೈಕನ್ನು ಅವಳ ಬಾಯಿಗೆ ತಾಗದ ಹಾಗೆ ದೂರದಿಂದ ಹಿಡಿದರು.

"ಎಲ್ರೂ ಕೇಳಿ" ಎಂದಳು ಅತ್ತೆ. "ಬುದ್ದ್ಯೋರು ನಂಗೆ ನಂದಲ್ಲ ಅನ್ನು ಅಂದ್ರು. ನನ್ನ ಮುಂದ್ಲ ಹಲ್ಲು ಹೋಗಿದ್ದು ಇವ್ರ ಬ್ಯಾರನ್ನಲ್ಲಿ. ಆಗ್ಲೂ ನಂದಲ್ಲ ಅಂದಿದ್ನಾ? ಅಮ್ಮಾರ ಬಾಯಲ್ಲಿರೋದು ನಂದೇ. ತಗ್ದು ಕೊಡ್ಲಿ."

ಮೈಕು ಗಾಳಿ ಮಾತನ್ನೂ ದೊಡ್ಡದು ಮಾಡುತ್ತದೆ. ಪ್ರತಿಯೊಬ್ಬರಿಗೂ ಕೇಳಿಸಿತು. ಯಾರೂ ನಗಲಿಲ್ಲ. ಸಿದ್ದಲಿಂಗಮ್ಮನವರ ಮುಖ ಬಿಳಿಚಿಕೊಂಡಿತು. ಬಾಯೊಳಗೆ ಕೆಂಡ ಇದ್ದ ಹಾಗೆ ಬೆರಳು ಹಾಕಿ ಸೆಟ್ಟನ್ನು ಕಿತ್ತು ನೆಲಕ್ಕೆ ಎಸೆದರು. ಥೂ ಥೂ ಎಂದು ಉಗುಳಿದರು. ಅದು ಧೂಳಿನಲ್ಲಿ ಅತ್ತೆಯ ಕಾಲಿನ ಹತ್ತಿರ ಬಿತ್ತು, ಮೇಲಿನದೊಂದು ಕಡೆ, ಕೆಳಗಿನದೊಂದು ಕಡೆ.

"ಎತ್ಕೊಂಡು ಹೋಗು" ಎಂದರು ಉಮಾಶಂಕರ.

ಅತ್ತೆ ನೋಡಿದಳು. ಅದಕ್ಕಾಗಿ ಎಷ್ಟು ಆಸೆಪಟ್ಟಿದ್ದಳೆಂದು ನನಗೆ ಗೊತ್ತು. ಬಗ್ಗಿದರೆ ಸಾಕು, ಅವಳದಾಗುತ್ತಿತ್ತು. ಬಗ್ಗುವುದು ಅವಳಿಗೇನು ಹೊಸದೇ? ಆ ಮನೆಯ ಜಗಲಿಯ ಕೆಳಗೆ ಕೂಲಿಗೆ, ಹಳಸಲು ಅನ್ನಕ್ಕೆ, ಅರಿಶಿನಕ್ಕೆ ಎಲ್ಲಕ್ಕೂ ಬಗ್ಗಿದ್ದಾಳೆ. ಆ ದಿನ ಅವಳ ಸೊಂಟ ಬಗ್ಗಲಿಲ್ಲ.

"ಎಸ್ದೋರು ಎತ್ತಿ ಕೈಗೆ ಕೊಡ್ಲಿ" ಎಂದಳು. ಸ್ವಲ್ಪ ಹೊತ್ತು ಕೈ ಚಾಚಿಕೊಂಡು ನಿಂತಳು. ಯಾರೂ ಎತ್ತಲಿಲ್ಲ. ಕೇರಿಯ ಕಡೆ ನಡೆದುಬಿಟ್ಟಳು.

ಮನೆಯಲ್ಲಿ ಕಾಂತರಾಜು ಕೂಗಾಡಿದ. "ಒಂದು ಹಲ್ಲಿನ ಸೆಟ್ಗೆ ಅನ್ನ ಕಳ್ಕೊಳ್ಳೋಣ ಅಂತೀಯಾ? ಎತ್ಕಂಡಿದ್ರೆ ಏನ್ ಗಂಟೋಗದು?"

"ನೀನು ಎತ್ಕಂಡು ಎತ್ಕಂಡೇ ಬಗ್ಗೋಗಿದ್ದೀಯ ಕಣ್ಲಾ" ಎಂದಳು ಅತ್ತೆ. ಅತ್ತೆ ಗೋಡೆ ಕಡೆ ತಿರುಗಿ ಮಲಗಿದಳು. ಅವಳು ಅಳುತ್ತಿದ್ದಳು. ಧೈರ್ಯವಿದ್ದವರು ಅಳುವುದಿಲ್ಲ ಎಂದು ಯಾರು ಹೇಳಿದ್ದು?

ಮಾರನೆಯ ದಿನ ಉಮಾಶಂಕರ ಅವರ ಹೊಲದಲ್ಲಿ ಸೊಪ್ಪು ಮುರಿಯುವ ದಿನ. ಗಂಡಸರು ಬೆಳಕು ಹರಿಯುವ ಮುಂಚೆ ಹೋಗಿ ಸೊಪ್ಪು ಮುರಿದು ಬ್ಯಾರನ್ ಮುಂದೆ ರಾಶಿ ಹಾಕಿದ್ದರು. ಅದನ್ನು ಕೋಲಿಗೆ ಕಟ್ಟುವುದು ಹೆಂಗಸರು. ಹಸಿ ಸೊಪ್ಪಿನ ಅಂಟು ಕೈಗೆ ಹತ್ತಿ ಕರಿಯಾಗುತ್ತದೆ, ತಲೆ ಸುತ್ತುತ್ತದೆ, ವಾಂತಿ ಬರುತ್ತದೆ, ಆ ಕೈಯಲ್ಲಿ ಉಂಡ ಅನ್ನ ಮೂರು ದಿನ ಕಹಿ. ಸೇದುವವರಿಗೆ ಇದೆಲ್ಲ ತಿಳಿಯುವುದಿಲ್ಲ, ಪಾಪ. ಮುರಿದ ಸೊಪ್ಪನ್ನು ಅವತ್ತೇ ಕಟ್ಟಿ ಬ್ಯಾರನ್‌ಗೆ ಏರಿಸದಿದ್ದರೆ ರಾಶಿ ಒಳಗೊಳಗೇ ಬಿಸಿಯಾಗಿ ಬೇಯುತ್ತದೆ, ಕಪ್ಪಾಗುತ್ತದೆ. ಕಪ್ಪು ಸೊಪ್ಪಿಗೆ ಹರಾಜಿನಲ್ಲಿ ಬೆಲೆಯಿಲ್ಲ.

ಅತ್ತೆ ಹೋಗಲಿಲ್ಲ. ನಾನೂ ಹೋಗಲಿಲ್ಲ. ಪಕ್ಕದ ಮನೆಯ ಚಿಕ್ಕಬೀರಮ್ಮ ಬಂದು, "ಯಾಕಕ್ಕ, ಬರಲ್ವಾ?" ಎಂದಳು. "ನನ್ನ ಹಲ್ಲು ಬರ್ಲಿ ತಡಿ" ಎಂದಳು ಅತ್ತೆ. ಚಿಕ್ಕಬೀರಮ್ಮ ಹೊರಟವಳು ಅಲ್ಲೇ ಬುತ್ತಿ ಇಳಿಸಿ ಜಗಲಿ ಮೇಲೆ ಕೂತಳು. ಆಮೇಲೆ ಬಂದವರೂ ಕೂತರು. ಯಾರೂ ಘೋಷಣೆ ಕೂಗಲಿಲ್ಲ. ಎಲೆ ಅಡಿಕೆ ಹಾಕಿಕೊಂಡು ಸುಮ್ಮನೆ ಕೂತರು. ನಮ್ಮ ಹೆಂಗಸರು ಹಗಲಿನಲ್ಲಿ ಹಾಗೆ ಕೂತದ್ದನ್ನು ನಾನು ಸಾವಿನ ಮನೆಯಲ್ಲಿ ಬಿಟ್ಟು ಬೇರೆಲ್ಲೂ ನೋಡಿರಲಿಲ್ಲ.

ಹೊತ್ತು ನೆತ್ತಿಗೆ ಬರುವ ಮೊದಲು ಚನ್ನಬಸವಣ್ಣನವರು ಬಂದು ಕೇರಿಯ ಬಾಯಲ್ಲಿ ನಿಂತು ಬೈದು ಹೋದರು. ಆಮೇಲೆ ಕಾಂತರಾಜು ಓಡಿ ಬಂದ. "ಅವ್ವಾ, ರಾಸಿ ಒಳಗೆ ಕೈ ಇಟ್ರೆ ಸುಡ್ತದೆ. ಬುದ್ದ್ಯೋರಿಗೆ ಹುಚ್ಚಿಡ್ದದೆ." ಅವನು ಹೇಳಿದ ರೀತಿಯಲ್ಲಿ ಹೆದರಿಕೆ ಅರ್ಧ, ಇನ್ನರ್ಧ ಬೇರೆ ಏನೋ ಇತ್ತು. ಅವನು ಮತ್ತೆ ಬ್ಯಾರನ್‌ಗೆ ಹೋಗಲಿಲ್ಲ. ಬಾಗಿಲಿಗೆ ಒರಗಿ ಕೂತ.

ಬಿಸಿಲು ಇಳಿಯುವ ಹೊತ್ತಿಗೆ ಉಮಾಶಂಕರ ಅವರ ಬೈಕು ಬಂತು. ಅವರ ವಂಶದಲ್ಲಿ ಹಗಲು ಹೊತ್ತು, ಓಟಿನ ಕಾಲ ಬಿಟ್ಟು, ಕೇರಿಯೊಳಗೆ ಬಂದವರು ಬಹುಶಃ ಅವರೇ ಮೊದಲು. ಜೇಬಿನಿಂದ ಕರ್ಚೀಫು ತೆಗೆದು ಬಿಚ್ಚಿದರು, ಒಳಗೆ ಅತ್ತೆಯ ಸೆಟ್ಟು.

"ಕುಳ್ಳಮ್ಮ, ತಗೊಮ್ಮ" ಎಂದರು. ಕುಳ್ಳಿ ಒಂದೇ ಹಗಲಿಗೆ ಕುಳ್ಳಮ್ಮ ಆಗಿದ್ದಳು. ಸೊಪ್ಪು ಬೇಯುತ್ತಿದ್ದರೆ ನಾಲಿಗೆ ಎಷ್ಟು ಮೆತ್ತಗಾಗುತ್ತದೆ ನೋಡಿ.

ಅತ್ತೆ ಕೈ ಚಾಚಿದಳು. ಅವರ ಕೈ ತಾನೇ ಮೇಲಕ್ಕೆ ಹೋಯಿತು, ಮೇಲಿನಿಂದ ಬಿಡುವುದಕ್ಕೆ. ಅತ್ತೆ ಕೈ ಹಿಂದಕ್ಕೆ ಎಳೆದುಕೊಂಡಳು.

"ಇಳ್ಸಿ ಬುದ್ದಿ. ಇನ್ನೂ ಇಳ್ಸಿ."

ಅವರು ಸುತ್ತ ನೋಡಿದರು. ಹೆಂಗಸರೆಲ್ಲ ನೋಡುತ್ತಿದ್ದರು. ಅವರ ಬೆರಳು ನಮ್ಮತ್ತೆಯ ಕರಿ ಅಂಗೈಗೆ ತಾಗಿತು. ಯಾರಿಗೂ ಏನೂ ಆಗಲಿಲ್ಲ. ಅಂಗಳದಲ್ಲಿ ಕೆದಕುತ್ತಿದ್ದ ಕೋಳಿ ಕೂಡ ತಲೆ ಎತ್ತಲಿಲ್ಲ.

"ಮೀನಾ, ಸೋಪು ನೀರು ತಗಂಡ್ ಬಾ ಮಗ. ಯಾರ್ದೋ ಎಂಜ್ಲಾಗದೆ."

ತಂದುಕೊಟ್ಟೆ. ಅವಳು ಅವರ ಎದುರಿಗೇ ಕೂತು ತೊಳೆದಳು. ಒಳಗೆ, ಹೊರಗೆ, ಸಂದಿನಲ್ಲಿ, ಉಗುರು ಹಾಕಿ ತಿಕ್ಕಿದಳು. ನೀರು ಚೆಲ್ಲಿ ಮತ್ತೆ ತರಿಸಿ ಮತ್ತೆ ತೊಳೆದಳು. ಅವರು ನಿಂತೇ ಇದ್ದರು. ಯಾರೂ ಕೂರಿ ಎನ್ನಲಿಲ್ಲ. ಕೊನೆಗೆ ಸೆಟ್ಟನ್ನು ಬಾಯಿಗೆ ಹಾಕಿ ಕಚ್ಚಿ ನೋಡಿದಳು. ಕೆನ್ನೆ ತುಂಬಿಕೊಂಡಿತು. ಯಾವುದೋ ಕಾಲದ ಹೆಂಗಸೊಬ್ಬಳು ಅವಳ ಮುಖದೊಳಗಿಂದ ಎದ್ದು ಬಂದ ಹಾಗಾಯಿತು ನನಗೆ.

"ಸರಿ ಆಯ್ತಲ್ಲ" ಎಂದರು ಉಮಾಶಂಕರ. "ಏಳಿ ಮತ್ತೆ, ಹೊತ್ತಾಯ್ತದೆ. ಎಲ್ರನ್ನೂ ಕರ್ಕೊಂಡು ಬಾ."

"ನಾಳಿಕ್ ಬತ್ತೀವಿ ಬುದ್ದಿ." ಗಾಳಿಯಿಲ್ಲದ ಮಾತು, ಒಂದೊಂದು ಅಕ್ಷರವೂ ಗಟ್ಟಿಯಾಗಿ ಬಂತು.

"ನಾಳೆಗೆ ಸೊಪ್ಪು ಉಳಿಯಲ್ಲ! ಇವತ್ತು ಕಟ್ಲೇಬೇಕು!"

"ನೀವೂ ಅಮ್ಮಾರೂ ಕೂತ್ಕಂಡು ಕಟ್ಕಳಿ" ಎಂದಳು ಅತ್ತೆ. "ಅದ್ಕೇನು ಹಲ್ಲು ಬ್ಯಾಡ. ಕೈಯಿದ್ರೆ ಸಾಕು."